ಹಗಲಿನ ಲೆಕ್ಕ ಹಾಕಿ ಹೊರಡು

ಅಮ್ಮ ಡಿಸೆಂಬರಿನಲ್ಲಿ ಕಲ್ಕತ್ತಕ್ಕೆ ಬಂದಾಗ ಎಲ್ಲರನ್ನೂ ಕಾರಿನಲ್ಲಿ ಕೂರಿಸಿಕೊಂಡು ಒಂದೇ ದಿನಕ್ಕೆ ಭುವನೇಶ್ವರ ಮುಟ್ಟುತ್ತೇನೆ, ಮಾರನೆಯ ದಿನ ಪುರಿ ಜಗನ್ನಾಥನ ದರ್ಶನ ಮಾಡಿಸುತ್ತೇನೆ ಎಂದೆಯಲ್ಲ, ಕೇಳಿ ಮನಸ್ಸಿಗೆ ಹಿತವಾಯಿತು ಕಣಪ್ಪ. ನನ್ನ ತಂಗಿಗೆ ಪುರಿಯ ಆಸೆ ಇಂದು ನಿನ್ನೆಯದಲ್ಲ. ಖಂಡಿತ ಕರೆದುಕೊಂಡು ಹೋಗು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಎಷ್ಟೋ ಸಲ ಕಾರು ಓಡಿಸಿದವನು ನೀನು, ಸ್ಟಿಯರಿಂಗ್ ಹಿಡಿಯುವುದನ್ನು ನಾನು ಹೇಳಿಕೊಡಬೇಕಾಗಿಲ್ಲ. ಆದರೆ ಈ ಕಡೆಗೆ ನೀನು ಹೊಸಬ. ನಾನು ಲೇಕ್ ಮಾರ್ಕೆಟ್ಟಿನ ಸುತ್ತಮುತ್ತಲೇ ಕೂದಲು ಹಣ್ಣಾಗಿಸಿಕೊಂಡವನು, ಆ ರಸ್ತೆಯನ್ನು ಮಳೆ, ಮಂಜು, ಬಿಸಿಲು ಮೂರರಲ್ಲೂ ಕಂಡವನು. ಸೋದರಮಾವನ ಮಾತೆಂದು ಸ್ವಲ್ಪ ನಿಧಾನವಾಗಿ ಓದು. ನಿನ್ನ ಹಾಗೆ ಸೆಕ್ಟರ್ ಫೈವ್, ನ್ಯೂಟೌನ್ ಕಡೆ ಕೆಲಸಕ್ಕೆ ಬಂದ ನಮ್ಮ ಹುಡುಗರಿಗೂ ಓದಿಸು.

ಮೊಬೈಲಿನ ಮ್ಯಾಪು ಏನು ಹೇಳುತ್ತದೆ? ಸುಮಾರು 440 ಕಿಲೋಮೀಟರ್, ಎಂಟರಿಂದ ಒಂಬತ್ತು ಗಂಟೆ. ಬೆಂಗಳೂರು–ಹುಬ್ಬಳ್ಳಿಗಿಂತ ತುಸು ಹೆಚ್ಚು, ಅಷ್ಟೆ. ಅದೇ ಅಂದಾಜಿನಲ್ಲಿ ನೀನು ಬೆಳಗ್ಗೆ ತಿಂಡಿ ಮುಗಿಸಿ ಏಳೂವರೆಗೆ ಹೊರಡೋಣ, ಸಂಜೆ ಬೆಳಕಿರುವಾಗಲೇ ಊರು ಸೇರೋಣ ಎಂದುಕೊಂಡಿದ್ದೀಯ. ನನ್ನ ತಕರಾರು ಇಲ್ಲೇ ಶುರು. ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಸೂರ್ಯ ಮುಳುಗುವುದು ಆರರ ಹೊತ್ತಿಗೆ. ಕಲ್ಕತ್ತದಲ್ಲಿ ಐದಕ್ಕೇ ಮುಳುಗುತ್ತಾನೆ, ಭುವನೇಶ್ವರದಲ್ಲಿ ಐದೂಕಾಲಿಗೆ. ದೇಶಕ್ಕೆಲ್ಲ ಗಡಿಯಾರ ಒಂದೇ. ಅದನ್ನು ಹೊಂದಿಸಿರುವುದು ಎಂಬತ್ತೆರಡೂವರೆ ಡಿಗ್ರಿ ರೇಖಾಂಶಕ್ಕೆ. ಬೆಂಗಳೂರು ಅದರ ಪಶ್ಚಿಮಕ್ಕಿದೆ, ಕಲ್ಕತ್ತ ಪೂರ್ವಕ್ಕೆ 88ರ ಆಚೆಗಿದೆ. ಜೂನಿನಲ್ಲಿ ಇಲ್ಲಿ ಐದಕ್ಕೆ ಮೊದಲೇ ಬೆಳಗಾಗುವುದನ್ನು ನೋಡಿ ಬೆರಗಾಗಿದ್ದೆಯಲ್ಲ, ಚಳಿಗಾಲದಲ್ಲಿ ಅದರ ಇನ್ನೊಂದು ಮುಖ ಕಾಣುತ್ತದೆ. ನಾಲ್ಕೂವರೆಗೇ ಬಿಸಿಲು ಸೊರಗುತ್ತದೆ, ಐದೂವರೆಗೆ ದೀಪ ಹಾಕಬೇಕು. ಏಳೂವರೆಗೆ ಹೊರಟರೆ ಊಟ, ತಿಂಡಿ, ನಿನ್ನ ಮಗಳು ಪುಟ್ಟಿಯ ಹಟ, ಟೋಲಿನ ಸಾಲು ಎಲ್ಲ ಸೇರಿ ಕಟಕ್ ಹತ್ತಿರವಾಗುವಷ್ಟರಲ್ಲಿ ಕಪ್ಪಾಗಿರುತ್ತದೆ. ದಿನದ ಅತಿ ಗದ್ದಲದ ತುಂಡನ್ನು, ಮೈ ದಣಿದಿರುವಾಗ, ಕತ್ತಲಲ್ಲಿ, ಗುರುತಿಲ್ಲದ ರಸ್ತೆಯಲ್ಲಿ ದಾಟಬೇಕಾಗುತ್ತದೆ.

ಹಾಗಾಗಿ ಲೆಕ್ಕವನ್ನು ತಿರುಗಿಸಿ ಹಾಕು. ಸಂಜೆ ನಾಲ್ಕಕ್ಕೆ ಭುವನೇಶ್ವರದ ಹೋಟೆಲಿನ ಮುಂದೆ ಕಾರು ನಿಂತಿರಬೇಕು ಎಂದು ಗಟ್ಟಿಮಾಡಿಕೊಂಡು ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬಾ. ಕಾರು ಓಡುವ ಒಂಬತ್ತು ಗಂಟೆ, ನಿಲ್ಲುವ ಎರಡು ಗಂಟೆ. ಬೆಳಗಿನ ಐದಕ್ಕೆ ನ್ಯೂಟೌನ್ ಬಿಡಬೇಕು ಎಂಬ ಉತ್ತರ ತಾನಾಗಿಯೇ ಬರುತ್ತದೆ. ನಾಲ್ಕಕ್ಕೂ ಕತ್ತಲಿಗೂ ನಡುವೆ ಉಳಿಯುವ ಒಂದು ಗಂಟೆಯನ್ನು ಯಾವುದಕ್ಕೂ ಮೀಸಲಿಡಬೇಡ. ಪಂಕ್ಚರ್ ಆದರೆ, ಮಂಜು ಕವಿದರೆ, ಅಮ್ಮನಿಗೆ ತಲೆ ಸುತ್ತಿದರೆ ಅದು ಬೇಕಾಗುತ್ತದೆ.

ಇನ್ನೊಂದು ಮಾತನ್ನು ಮನಸ್ಸಿನಲ್ಲಿಡು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ಬಸ್ಸು, ಲಾರಿ ಓಡಿಸುವವರಿಗೆ ದಿನಕ್ಕೆ ಎಂಟು ಗಂಟೆ ಕೆಲಸ ಎಂದು ಮಿತಿ ಹಾಕಿತ್ತು. ಐದು ಗಂಟೆ ಕೆಲಸ ಮಾಡಿದವನಿಗೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕು ಎನ್ನುತ್ತಿತ್ತು. ಅದೇ ಕಸುಬಾದವರಿಗೆ ಹೀಗೆ. ವಾರವೆಲ್ಲ ಕಂಪ್ಯೂಟರ್ ಮುಂದೆ ಕುಳಿತವನು ಒಂಬತ್ತು ಗಂಟೆ ಒಬ್ಬನೇ ಓಡಿಸುವುದು ಸಣ್ಣ ಸಂಗತಿ ಎಂದು ತಿಳಿಯಬೇಡ. ನಿನ್ನ ಹೆಂಡತಿ ಚೆನ್ನಾಗಿಯೇ ಓಡಿಸುತ್ತಾಳೆ, ನಾನೇ ಅವಳ ಪಕ್ಕ ಕುಳಿತು ಬಂದಿದ್ದೇನೆ. ಖರಗ್‌ಪುರದಿಂದ ಬಾಲೇಶ್ವರದವರೆಗೆ ಸ್ಟಿಯರಿಂಗನ್ನು ಅವಳಿಗೆ ಬಿಡು. ಆ ನೂರು ಚಿಲ್ಲರೆ ಕಿಲೋಮೀಟರ್ ಮುಂದಿನ ದಾರಿಗಿಂತ ನಿರಾಳವಾದದ್ದು. ನೀನು ಆಗ ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿಕೋ. ಹಿಂದಿನ ರಾತ್ರಿ ಆಫೀಸಿನ ಕರೆ, ಮೀಟಿಂಗು ಏನಿದ್ದರೂ ಒಂಬತ್ತೂವರೆಗೆ ಮುಗಿಯಲಿ. ನಾಲ್ಕು ಗಂಟೆ ನಿದ್ದೆ ಮಾಡಿ ಹೊರಡುವುದಾದರೆ ಹೊರಡುವುದೇ ಬೇಡ, ಒಂದು ದಿನ ಮುಂದೂಡು.

ರಾತ್ರಿಯೇ ಹೊರಟುಬಿಟ್ಟರೆ ರಸ್ತೆ ಖಾಲಿ ಇರುತ್ತದೆ ಎಂದು ನಿನ್ನ ಗೆಳೆಯ ಹೇಳಿದನಂತೆ. ಅದನ್ನು ಮಾತ್ರ ಕೇಳಬೇಡ. ಖಾಲಿ ಇರುವುದಿಲ್ಲ. ಹಗಲು ನಗರದೊಳಗೆ ಬಿಡದ ಲಾರಿಗಳಿಗೆಲ್ಲ ರಾತ್ರಿಯೇ ಹೊತ್ತು. ಬೆಳಗಿನ ಜಾವ ಎರಡರಿಂದ ಆರರವರೆಗೆ ಮನುಷ್ಯನ ಮೈ ನಿದ್ದೆಯನ್ನೇ ಬೇಡುತ್ತದೆ, ಎಷ್ಟು ಕಾಫಿ ಕುಡಿದರೂ ಅಷ್ಟೆ. ನಮ್ಮ ಪೀಳಿಗೆಯ ಕನ್ನಡಿಗರಿಗೆ ಆನಗೋಡು ಎಂಬ ಹೆಸರು ಕೇಳಿದರೆ ಇಂದಿಗೂ ಎದೆ ಹಿಂಡುತ್ತದೆ. 1990ರ ಸೆಪ್ಟೆಂಬರ್ 30ರ ಮುಂಜಾನೆ ದಾವಣಗೆರೆಯ ಹತ್ತಿರದ ಆ ಊರಿನ ಬಳಿ ಕಾರು ಅಪಘಾತದಲ್ಲಿ ಶಂಕರ್ ನಾಗ್ ಹೋದರು. ಮೂವತ್ತೈದು ವರ್ಷ ವಯಸ್ಸು. ಆ ಸುದ್ದಿ ಕಲ್ಕತ್ತದಲ್ಲಿದ್ದ ನಮ್ಮನ್ನು ಮುಟ್ಟಿದಾಗ ಯಾರಿಗೂ ನಂಬಿಕೆಯೇ ಬರಲಿಲ್ಲ. ಆಗ ಅದು ಎರಡೇ ಲೇನಿನ ರಸ್ತೆ. ಈಗ ಅದೇ ರಸ್ತೆ ಬಹುಪಥದ ಹೆದ್ದಾರಿ, ಸುವರ್ಣ ಚತುಷ್ಕೋನದ ಒಂದು ಬಾಹು. ನೀನು ಹೋಗಲಿರುವ ಕಲ್ಕತ್ತ–ಚೆನ್ನೈ ಹೆದ್ದಾರಿ ಅದೇ ಚತುಷ್ಕೋನದ ಇನ್ನೊಂದು ಬಾಹು. ಮೊದಲು ಇದಕ್ಕೆ ಖರಗ್‌ಪುರದವರೆಗೆ 6, ಆಮೇಲೆ 60, ಮುಂದೆ 5 ಎಂದು ಬೇರೆ ಬೇರೆ ಸಂಖ್ಯೆ ಇತ್ತು. ಈಗ ಇಡೀ ದಾರಿಗೆ ಒಂದೇ, 16. ಹಳೆಯ ಡ್ರೈವರುಗಳ ಬಾಯಲ್ಲಿ ಹಳೆಯ ಸಂಖ್ಯೆ ಕೇಳಿದರೆ ಗಲಿಬಿಲಿಯಾಗಬೇಡ. ರಸ್ತೆ ಅಗಲವಾಗಿದೆ ನಿಜ. ಇರುಳಿನಲ್ಲಿ ಮನುಷ್ಯನ ಕಣ್ಣು ಅಗಲವಾಗಿಲ್ಲ.

ಈಗ ಊರು ಬಿಡುವ ದಾರಿ. ನ್ಯೂಟೌನಿನಿಂದ ನಿನಗೆ ಎರಡು ದಾರಿ. ಒಂದು ಮಾ ಫ್ಲೈಓವರ್, ಎ.ಜೆ.ಸಿ. ಬೋಸ್ ಫ್ಲೈಓವರ್ ಹತ್ತಿ, ವಿದ್ಯಾಸಾಗರ ಸೇತುವೆ ದಾಟಿ, ಕೋನಾ ಎಕ್ಸ್‌ಪ್ರೆಸ್‌ವೇ ಮೇಲೆ ಸಾಂತ್ರಾಗಾಛಿ ಕಳೆದು ಹೆದ್ದಾರಿ ಸೇರುವುದು. ಇನ್ನೊಂದು ವಿಮಾನ ನಿಲ್ದಾಣದ ಪಕ್ಕದಿಂದ ಬೆಲ್‌ಘರಿಯಾ ಎಕ್ಸ್‌ಪ್ರೆಸ್‌ವೇ ಹಿಡಿದು, ದಕ್ಷಿಣೇಶ್ವರದ ಹತ್ತಿರ ನಿವೇದಿತಾ ಸೇತುವೆಯ ಮೇಲೆ ಗಂಗೆ ದಾಟಿ, ಡಾನ್‌ಕುನಿಯಿಂದ ತಿರುಗುವುದು. ಬೆಳಗಿನ ಐದಕ್ಕಾದರೆ ಮೊದಲನೆಯದೇ ಒಳ್ಳೆಯದು. ಅದೇ ದಾರಿ ಎಂಟೂವರೆಗೆ ಬೇರೆಯೇ ಆಗಿಬಿಡುತ್ತದೆ. ಸಾಂತ್ರಾಗಾಛಿ ಸೇತುವೆಯ ಮೇಲೆ ನಿಂತರೆ ನಿಂತದ್ದೇ, ಮೇಲ್ಸೇತುವೆ ಕಾಮಗಾರಿ ಶುರುವಾದ ಮೇಲಂತೂ ಹೇಳತೀರದು. 1992ರಲ್ಲಿ ತೆರೆದ ವಿದ್ಯಾಸಾಗರ ಸೇತುವೆಗೂ ಈಗ ರಿಪೇರಿಯ ವಯಸ್ಸು. ಕೇಬಲ್, ಬೇರಿಂಗ್ ಕೆಲಸಕ್ಕೆಂದು ಈಚಿನ ವರ್ಷಗಳಲ್ಲಿ ಆಗಾಗ ವಾಹನ ನಿಲ್ಲಿಸುತ್ತಾರೆ, ಹೆಚ್ಚಾಗಿ ಭಾನುವಾರ. ಹಿಂದಿನ ಸಂಜೆ ಕಲ್ಕತ್ತ ಪೊಲೀಸರ ಸಂಚಾರ ಸೂಚನೆ ಒಮ್ಮೆ ನೋಡು. ಸೇತುವೆ ಮುಚ್ಚಿದ್ದರೆ ತಲೆ ಕೆಡಿಸಿಕೊಳ್ಳದೆ ನಿವೇದಿತಾ ಹಿಡಿ.

ಹುಣ್ಣಿಮೆಯಿರಲಿ ಅಮಾವಾಸ್ಯೆಯಿರಲಿ, ಐದಕ್ಕೆ ಹೊರಟಾಗ ಕತ್ತಲೇ ಇರುತ್ತದೆ. ಚಿಂತೆಯಿಲ್ಲ, ಊರೊಳಗೆ ಬೀದಿದೀಪ ಇದೆ, ಗೊತ್ತಿರುವ ರಸ್ತೆ. ಉಲುಬೇಡಿಯಾ ದಾಟುವಷ್ಟರಲ್ಲಿ ಬೆಳಕು ಹರಿಯುತ್ತದೆ. ಆದರೆ ಅಲ್ಲಿಂದಲೇ ಡಿಸೆಂಬರಿನ ನಿಜವಾದ ಪರೀಕ್ಷೆ. ದಾಮೋದರ, ರೂಪನಾರಾಯಣ ನದಿಗಳು, ಎರಡೂ ಕಡೆ ಗದ್ದೆ, ಕೆರೆ. ಸೂರ್ಯ ಮೂಡುವ ಹೊತ್ತಿಗೇ ನೆಲದಿಂದ ಮಂಜು ಏಳುತ್ತದೆ. ನಮ್ಮ ಮಡಿಕೇರಿಯ ಮಂಜು ಮೇಲಿಂದ ಇಳಿದು ಬರುತ್ತದೆ, ಬರುವುದು ಕಣ್ಣಿಗೆ ಕಾಣುತ್ತದೆ. ಇದು ಹಾಗಲ್ಲ. ನೂರು ಮೀಟರ್ ಚೊಕ್ಕವಾಗಿ ಕಾಣುತ್ತಿದ್ದ ರಸ್ತೆ ಒಂದು ಸೇತುವೆ ದಾಟುವಷ್ಟರಲ್ಲಿ ಬಾನೆಟ್ಟಿನ ತುದಿಗೆ ಬಂದು ನಿಲ್ಲುತ್ತದೆ. ಆಗ ದೀಪವನ್ನು ಡಿಮ್ಮಿನಲ್ಲೇ ಇಡು. ಹೈಬೀಮ್ ಹಾಕಿದರೆ ಬಿಳಿ ಗೋಡೆಯೇ ಎದುರಾಗುತ್ತದೆ. ಓಡುತ್ತಿರುವಾಗ ನಾಲ್ಕೂ ಇಂಡಿಕೇಟರ್ ಮಿಟುಕಿಸಬೇಡ, ನೀನು ನಿಂತಿದ್ದೀಯೋ ತಿರುಗುತ್ತೀಯೋ ಹಿಂದಿನವನಿಗೆ ತಿಳಿಯುವುದಿಲ್ಲ. ಮುಂದಿನ ಲಾರಿಯ ಕೆಂಪು ದೀಪವನ್ನೇ ನಂಬಿ ಹಿಂಬಾಲಿಸುವುದು ಬಹಳ ಜನರ ಚಾಳಿ. ಅವನು ಬ್ರೇಕ್ ಹಾಕಿದರೆ ನಿನಗೆ ಜಾಗವೇ ಇರುವುದಿಲ್ಲ. ಎಡಗಡೆಯ ಬಿಳಿ ಗೆರೆ ನೋಡಿಕೊಂಡು ಹೋಗು. ಅದೂ ಕಾಣದಿದ್ದರೆ ಪೆಟ್ರೋಲ್ ಬಂಕೋ ಢಾಬಾವೋ ನೋಡಿ ಒಳಗೆ ಹೋಗಿ ನಿಲ್ಲಿಸು. ರಸ್ತೆಯ ಅಂಚಿನಲ್ಲಿ ಮಾತ್ರ ಎಂದಿಗೂ ನಿಲ್ಲಿಸಬೇಡ. ಎಂಟು, ಎಂಟೂವರೆಗೆ ಬಿಸಿಲು ಏರಿದರೆ ಮಂಜು ಕರಗುತ್ತದೆ. ಸಂಜೆಗೆಂದು ಉಳಿಸಿದ ಆ ಒಂದು ಗಂಟೆ ಇದಕ್ಕಾಗಿಯೇ ಇರುವುದು.

ಮೊದಲ ನಿಲುಗಡೆಗೆ ಕೋಲಾಘಾಟ್ ಸರಿ. ರೂಪನಾರಾಯಣ ದಾಟಿದೊಡನೆ ಢಾಬಾಗಳ ಸಾಲು, ಶೇರ್-ಎ-ಪಂಜಾಬ್ ಎಂದರೆ ಕಲ್ಕತ್ತದ ಕಾರಿನವರಿಗೆಲ್ಲ ಗೊತ್ತು. ಅಮ್ಮನನ್ನು ಇಲ್ಲಿ ತಪ್ಪದೆ ಇಳಿಸು, ಬೇಡ ಎಂದರೂ ಇಳಿಸು. ನಮ್ಮ ಮನೆಯ ಹೆಂಗಸರ ಸ್ವಭಾವ ನಿನಗೆ ತಿಳಿಯದು, ನನಗೆ ಗೊತ್ತು. ದಾರಿಯಲ್ಲಿ ನಿಲ್ಲಿಸಲು ಹೇಳುವುದಕ್ಕೆ ಸಂಕೋಚ, ಅದಕ್ಕೇ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ಕಡಿಮೆ ಮಾಡಿಬಿಡುತ್ತಾಳೆ. ‘ನಂಗೇನೂ ಬೇಡಪ್ಪ, ನೀನು ಓಡ್ಸು’ ಎನ್ನುತ್ತಾಳೆ. ಮಧ್ಯಾಹ್ನದ ಹೊತ್ತಿಗೆ ತಲೆನೋವು, ಕಾಲು ಊತ. ಬಿ.ಪಿ. ಮಾತ್ರೆ ನುಂಗುವ ಅರವತ್ತೆಂಟರ ಹೆಂಗಸು ನಾಲ್ಕು ಗಂಟೆ ಕಾಲು ಮಡಿಸಿ ಕೂರುವುದು ಒಳ್ಳೆಯದಲ್ಲ. ಆದ್ದರಿಂದ ‘ಅಮ್ಮಾ, ನಿಲ್ಲಿಸಲಾ?’ ಎಂದು ಕೇಳಲೇಬೇಡ. ಎರಡು ಗಂಟೆಗೊಮ್ಮೆ ನೀನಾಗಿಯೇ ನಿಲ್ಲಿಸು, ಟಯರ್ ನೋಡಬೇಕಿತ್ತು ಎನ್ನು. ಶೌಚಾಲಯ ಚೊಕ್ಕವಾಗಿರುವ ಜಾಗ ಯಾವುದು ಎಂದು ನಿನ್ನ ಹೆಂಡತಿ ಮೊದಲೇ ನೋಡಿಟ್ಟುಕೊಳ್ಳಲಿ. ದೊಡ್ಡ ಢಾಬಾಗಳು, ಕಂಪನಿಯೇ ನಡೆಸುವ ಪೆಟ್ರೋಲ್ ಬಂಕುಗಳು ವಾಸಿ.

ಊಟದ ವಿಷಯ. ಬಂಗಾಳದ ಢಾಬಾದಲ್ಲಿ ‘ನಿರಾಮಿಷ್’ ಎಂದು ಕೇಳಿದರೆ ಈರುಳ್ಳಿ, ಬೆಳ್ಳುಳ್ಳಿ ಇಲ್ಲದ್ದು ಕೊಡುತ್ತಾರೆ. ಆದರೂ ಅಮ್ಮನಿಗೆ ಮನಸ್ಸು ಒಪ್ಪುವುದು ಕಷ್ಟ. ಹಿಂದಿನ ರಾತ್ರಿ ಚಪಾತಿ, ಚಟ್ನಿಪುಡಿ, ಬೆಳಗ್ಗೆ ಎದ್ದು ಒಂದಿಷ್ಟು ನಿಂಬೆಹುಳಿ ಚಿತ್ರಾನ್ನ, ಮೊಸರನ್ನಕ್ಕೆ ಹಾಲು ಹೆಚ್ಚು ಹಾಕಿ ಕಲಸಿದರೆ ಮಧ್ಯಾಹ್ನಕ್ಕೆ ಹದವಾಗಿರುತ್ತದೆ. ಇದರಲ್ಲಿ ನಿನಗೂ ಒಂದು ಲಾಭ ಇದೆ. ಢಾಬಾದ ಬೆಣ್ಣೆ ಸುರಿದ ಪರಾಟ, ದಾಲ್ ಹೊಡೆದು ಕುಳಿತರೆ ಎರಡು ಗಂಟೆಗೆ ರೆಪ್ಪೆ ಎಳೆಯುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕು ಮೈಗೆ ತೂಕಡಿಕೆಯ ಎರಡನೆಯ ಹೊತ್ತು. ನೀನು ಆಗ ಇರುವುದು ಪಾಣಿಕೋಯಿಲಿಯಿಂದ ಮುಂದಕ್ಕೆ. ಅಲ್ಲಿ ತೂಕಡಿಸಿದರೆ ಕ್ಷಮೆಯಿಲ್ಲ, ಯಾಕೆಂದು ಆಮೇಲೆ ಹೇಳುತ್ತೇನೆ. ಅರ್ಧ ಹೊಟ್ಟೆ ಊಟ, ಹದಿನೈದು ನಿಮಿಷ ಸೀಟು ಹಿಂದಕ್ಕೆ ಮಾಡಿ ಕಣ್ಣು ಮುಚ್ಚುವುದು, ಮೇಲೆ ಒಂದು ಲೋಟ ಚಹಾ. ಅಷ್ಟೇ ಸಾಕು.

ಖರಗ್‌ಪುರದಲ್ಲಿ ಹೆದ್ದಾರಿ ಕವಲೊಡೆಯುತ್ತದೆ. ಪಶ್ಚಿಮಕ್ಕೆ ಹೋಗುವ 49 ಬಹರಾಗೋಡಾದ ಕಡೆಗೆ, ಜಮ್‌ಶೆಡ್‌ಪುರಕ್ಕೆ ಹೋಗುವವರ ದಾರಿ. ದಕ್ಷಿಣಕ್ಕೆ ತಿರುಗುವ 16 ನಿನ್ನದು. ಬೋರ್ಡಿನಲ್ಲಿ ಬಾಲೇಶ್ವರ ಎಂದು ಹುಡುಕು, ಇಂಗ್ಲಿಷಿನಲ್ಲಿ ಬಾಲಸೋರ್ ಎಂದಿರುತ್ತದೆ. ಪುಟ್ಟಿಗೆ ಬೇಜಾರಾಗಿದ್ದರೆ ಇಲ್ಲೊಂದು ಕಥೆ ಹೇಳು. ಖರಗ್‌ಪುರದ ರೈಲ್ವೆ ಪ್ಲಾಟ್‌ಫಾರ್ಮ್ ಬಹುಕಾಲ ಜಗತ್ತಿನಲ್ಲೇ ಅತಿ ಉದ್ದದ್ದು ಎನಿಸಿಕೊಂಡಿತ್ತು, ಸಾವಿರ ಮೀಟರಿಗೂ ಹೆಚ್ಚು. ಆಮೇಲೆ ಆ ಹೆಸರು ಗೋರಖ್‌ಪುರಕ್ಕೆ ಹೋಯಿತು. 2023ರ ಮಾರ್ಚಿನಲ್ಲಿ 1,507 ಮೀಟರಿನ ಪ್ಲಾಟ್‌ಫಾರ್ಮ್ ಕಟ್ಟಿ ಅದನ್ನು ಗೆದ್ದುಕೊಂಡದ್ದು ಅವಳ ಅಜ್ಜಿಯ ಹುಬ್ಬಳ್ಳಿ.

ಇಲ್ಲಿ ಗಡಿಯಾರ ನೋಡು. ಎಂಟೂವರೆ, ಒಂಬತ್ತರೊಳಗೆ ಖರಗ್‌ಪುರ ಕಳೆದಿದ್ದರೆ ದಿನ ನಿನ್ನ ಕೈಯಲ್ಲಿದೆ. ಬಾಲೇಶ್ವರಕ್ಕೆ ಹನ್ನೊಂದಕ್ಕೆ ಸೇರಿದರೂ ಪರವಾಗಿಲ್ಲ. ಯಾವ ಕಾರಣಕ್ಕೋ ಬಾಲೇಶ್ವರಕ್ಕೇ ಹನ್ನೆರಡೂವರೆ, ಒಂದು ಗಂಟೆಯಾಯಿತು ಎಂದುಕೋ, ಆಗ ಎಕ್ಸಿಲರೇಟರ್ ಒತ್ತಿ ಹೊತ್ತು ಹಿಂದಕ್ಕೆ ತರುತ್ತೇನೆ ಎಂದು ಹೊರಡಬೇಡ. ಅಲ್ಲೇ ಉಳಿದುಬಿಡು. ಬಾಲೇಶ್ವರ ಹೆಚ್ಚುಕಮ್ಮಿ ನಡುದಾರಿ, ಉಳಿಯಲು ಹೋಟೆಲುಗಳಿವೆ. ಹದಿನೈದು ಹದಿನಾರು ಕಿಲೋಮೀಟರ್ ಆಚೆ ಚಾಂದೀಪುರದ ಕಡಲು. ಇಳಿತದ ಹೊತ್ತಿಗೆ ಅಲ್ಲಿ ನೀರು ಕಿಲೋಮೀಟರುಗಟ್ಟಲೆ ಹಿಂದಕ್ಕೆ ಸರಿಯುತ್ತದೆ, ಕಡಲಿದ್ದ ಜಾಗದಲ್ಲಿ ನಡೆದು ಹೋಗಬಹುದು, ಮರಳಿನ ಮೇಲೆ ಪುಟ್ಟ ಪುಟ್ಟ ಏಡಿಗಳು. ಒಡಿಶಾ ಪ್ರವಾಸೋದ್ಯಮದ ಪಂಥನಿವಾಸವೂ ಅಲ್ಲಿದೆ. ಪುಟ್ಟಿಗೆ ಪುರಿಗಿಂತ ಅದೇ ಹೆಚ್ಚು ನೆನಪಿನಲ್ಲಿ ಉಳಿದೀತು. ಭುವನೇಶ್ವರದ ಹೋಟೆಲಿಗೆ ಮುಂಗಡ ಕೊಡುವಾಗ ರದ್ದು ಮಾಡಬಹುದಾದ ರೂಮನ್ನೇ ತೆಗೆದುಕೋ, ಇನ್ನೂರು ಮುನ್ನೂರು ಹೆಚ್ಚಾದರೂ ಸರಿ. ದುಡ್ಡು ಹೋಗುತ್ತದಲ್ಲ ಎಂಬ ಒಂದೇ ಸಂಕಟಕ್ಕೆ ಕತ್ತಲಲ್ಲಿ ಇನ್ನೂರು ಕಿಲೋಮೀಟರ್ ಓಡಿಸಿದವರನ್ನು ನಾನು ಬಲ್ಲೆ.

ರಸ್ತೆಯ ಸ್ವಭಾವ ಹೇಳುತ್ತೇನೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ರೂಢಿಯಾದ ಕಣ್ಣು ನಿನ್ನದು. ಅಲ್ಲಿ 2023ರ ಆಗಸ್ಟಿನಿಂದ ಬೈಕು, ಆಟೋಗಳನ್ನೇ ಬಿಡುವುದಿಲ್ಲ. ಈ 16 ಊರೂರಿನ ಮನೆಬಾಗಿಲಲ್ಲೇ ಹಾದು ಹೋಗುತ್ತದೆ. ಬೆಲ್ದಾ, ದಾಂತನ್ ಕಡೆ ಭತ್ತ ಹೇರಿದ ಮೋಟಾರು ವ್ಯಾನು, ಶಾಲೆಯ ಮಕ್ಕಳನ್ನು ತುಂಬಿದ ಟೋಟೋ ಎಂಬ ಬ್ಯಾಟರಿ ರಿಕ್ಷಾ, ಸೈಕಲ್ಲಿನ ಹಿಂದೆ ಬಿದಿರು ಕಟ್ಟಿಕೊಂಡವರು. ಯೂ ಟರ್ನ್ ದೂರವೆಂದು ಟೋಟೋಗಳು ಎದುರಿನಿಂದಲೇ ಬರುತ್ತವೆ, ಅದೂ ಬಲ ಲೇನಿನಲ್ಲಿ, ಡಿವೈಡರನ್ನು ಒರಸಿಕೊಂಡು. ಅವರ ಮೇಲೆ ಸಿಟ್ಟು ಮಾಡಿಕೊಂಡು ಫಲವಿಲ್ಲ. ಅವರ ಊರನ್ನು ಸೀಳಿಕೊಂಡು ನಾವು ಹೋಗುತ್ತಿದ್ದೇವೆ. ನೂರರ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಇಪ್ಪತ್ತೆಂಟು ಮೀಟರ್ ಹೋಗುತ್ತದೆ. ಡಿವೈಡರಿನಲ್ಲಿ ಸಂದು ಕಂಡಾಗ, ಬಸ್ಸು ನಿಂತಿರುವುದು ಕಂಡಾಗ ಅರವತ್ತಕ್ಕೆ ಇಳಿಸು. ಉಳಿದ ಕಡೆ ಎಂಬತ್ತು, ಎಂಬತ್ತೈದು ಸಾಕು. ನೂರರಲ್ಲಿ ಓಡಿದವನಿಗೂ ನಿನಗೂ ಭುವನೇಶ್ವರದಲ್ಲಿ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ವ್ಯತ್ಯಾಸ.

  

ಇಡೀ ದಾರಿಯಲ್ಲಿ ನನಗೆ ಹೆಚ್ಚು ಹೆದರಿಕೆ ಇರುವುದು ನಿಂತ ಲಾರಿಯ ಬಗ್ಗೆ. ಆಕ್ಸಲ್ ಮುರಿದು, ಟಯರ್ ಸಿಡಿದು ಎಡ ಲೇನಿನಲ್ಲೇ ನಿಂತಿರುತ್ತದೆ. ಹಿಂದೆ ಕೆಂಪು ದೀಪ ಇರುವುದಿಲ್ಲ, ರಿಫ್ಲೆಕ್ಟರ್ ಧೂಳು ಮುಚ್ಚಿ ಸತ್ತಿರುತ್ತದೆ. ಡ್ರೈವರ್ ಎರಡು ಹಸಿರು ಕೊಂಬೆ ಮುರಿದು ಹಿಂದೆ ಸಿಕ್ಕಿಸಿ, ಹತ್ತು ಹೆಜ್ಜೆಗೆ ನಾಲ್ಕು ಕಲ್ಲು ಜೋಡಿಸಿರುತ್ತಾನೆ, ಅಷ್ಟೇ ಎಚ್ಚರಿಕೆ. ಲಾರಿ ರಿಪೇರಿಯಾಗಿ ಹೋದ ಮೇಲೆ ಕಲ್ಲು ಅಲ್ಲೇ ಉಳಿಯುತ್ತದೆ. ಹಗಲಲ್ಲಾದರೆ ಇನ್ನೂರು ಮೀಟರಿನಿಂದಲೇ ಹಸಿರೆಲೆ ಕಣ್ಣಿಗೆ ಬೀಳುತ್ತದೆ. ಸಂಜೆ ಐದೂವರೆಯ ಮಬ್ಬಿನಲ್ಲಿ ಬೂದುಬಣ್ಣದ ಲಾರಿ, ಬೂದುಬಣ್ಣದ ರಸ್ತೆ, ಬೂದುಬಣ್ಣದ ಆಕಾಶ ಎಲ್ಲ ಒಂದೇ ಆಗಿಬಿಡುತ್ತದೆ. ಕತ್ತಲಿಗೆ ಮುಂಚೆ ಮುಟ್ಟು ಎಂದು ನಾನು ಇಷ್ಟು ಹಟ ಹಿಡಿಯುವುದು ಇದಕ್ಕೇ.

ಪಾಣಿಕೋಯಿಲಿಯ ಮಾತು ಬಾಕಿ ಇತ್ತು. ಭದ್ರಕ್ ದಾಟಿ ಬೈತರಣಿ ನದಿ ಕಳೆದ ಮೇಲೆ ಅದು ಬರುತ್ತದೆ. ಕೆಂದುಝರ್ ಜಿಲ್ಲೆಯ ಗಣಿಗಳಿಂದ ಕಬ್ಬಿಣದ ಅದಿರು ಹೊತ್ತ ಲಾರಿಗಳು ಈ ಭಾಗದಲ್ಲಿ ಹೆದ್ದಾರಿಗೆ ಸೇರಿಕೊಳ್ಳುತ್ತವೆ, ಚಂಡಿಖೋಲ್‌ನಲ್ಲಿ ಪಾರಾದೀಪ್ ಬಂದರಿನ ಕಡೆಗೆ ತಿರುಗುತ್ತವೆ. ಸಂಡೂರು, ಹೊಸಪೇಟೆ ಕಡೆಯ ಗಣಿಗಾರಿಕೆಯ ಭರಾಟೆಯ ಕಾಲದ ರಸ್ತೆಗಳನ್ನು ಕಂಡವರಿಗೆ ಬೇರೆ ವಿವರಣೆ ಬೇಡ. ಅದೇ ಕೆಂಪು ಧೂಳು, ಅದೇ ತುಂಬಿ ತುಳುಕುವ ಹೊರೆ. ಅದಿರಿನ ಲಾರಿ ಏರಿನಲ್ಲಿ ಆಮೆಯ ಹಾಗೆ ಹತ್ತುತ್ತದೆ, ಬಲ ಲೇನಿನಲ್ಲೇ ಇನ್ನೊಂದನ್ನು ಹಿಂದೆ ಹಾಕಲು ಒಂದು ಕಿಲೋಮೀಟರ್ ತೆಗೆದುಕೊಳ್ಳುತ್ತದೆ. ತಾಳ್ಮೆ ಕೆಟ್ಟು ಎಡದಿಂದ ನುಗ್ಗಬೇಡ. ಎಡಕ್ಕೆ ಅವನಿಗೆ ನೀನು ಕಾಣುವುದೇ ಇಲ್ಲ. ಅವನ ಬಲಗಡೆಯ ಕನ್ನಡಿಯಲ್ಲಿ ಅವನ ಮುಖ ನಿನಗೆ ಕಾಣುತ್ತಿದ್ದರೆ ಮಾತ್ರ ಅವನಿಗೂ ನೀನು ಕಾಣುತ್ತೀಯ. ಹಾರ್ನ್ ಹೊಡೆ, ದೀಪ ಮಿಟುಕಿಸು, ಅವನು ಎಡಕ್ಕೆ ಸರಿದ ಮೇಲೆ ಹೋಗು.

ಹೊರಡುವ ಹಿಂದಿನ ದಿನ ಮಾಡಬೇಕಾದ್ದು ಹೆಚ್ಚಿಲ್ಲ. ಪೆಟ್ರೋಲು ತುಂಬಿಸು, ವೈಪರ್ ನೀರು ತುಂಬಿಸು, ಫಾಸ್ಟ್ಯಾಗಿನಲ್ಲಿ ಸಾಕಷ್ಟು ಹಣ ಇಡು. ಧುಲಾಗಢ, ದೇಬ್ರಾ, ಲಕ್ಷ್ಮಣನಾಥ, ಸೇರ್‌ಗಢ, ಪಾಣಿಕೋಯಿಲಿ, ಮಂಗುಲಿ ಎಂದು ಟೋಲುಗಳು ಬರುತ್ತಲೇ ಇರುತ್ತವೆ. 2025ರ ಆಗಸ್ಟ್ 15ರಂದು ಖಾಸಗಿ ಕಾರುಗಳಿಗೆಂದು 3,000 ರೂಪಾಯಿಗೆ ಶುರುವಾದ ವಾರ್ಷಿಕ ಪಾಸು ಇದೆಯಲ್ಲ, ಇನ್ನೂರು ಸಲ ಟೋಲು ದಾಟಬಹುದು. ನಿನ್ನ ಓಡಾಟಕ್ಕೆ ಅದು ಲಾಭವೇ. ಕಲ್ಕತ್ತದ ವಿದ್ಯಾಸಾಗರ ಸೇತುವೆಗೆ ಮಾತ್ರ ನಡೆಯುವುದಿಲ್ಲ, ಅದು ರಾಜ್ಯದ್ದು. ಟಯರನ್ನು ನೀನೇ ನೋಡು, ಮೆಕ್ಯಾನಿಕ್ ನೋಡಿದ್ದಾನೆ ಎಂದು ಬಿಡಬೇಡ. ಟಾರ್ಚ್ ಹಿಡಿದು ಮಂಡಿಯೂರಿ ಕೂರು, ಒಳಗೋಡೆಯ ಮೇಲೆ ಅಂಗೈ ಸವರು. ಎಲ್ಲಾದರೂ ಉಬ್ಬಿದಂತೆ ಕೈಗೆ ತಗುಲಿದರೆ ಆ ಟಯರ್ ಹೆದ್ದಾರಿಗೆ ಬೇಡ. ಪಕ್ಕದಲ್ಲಿ ನಾಲ್ಕು ಅಂಕಿ ಕೊರೆದಿರುತ್ತಾರೆ, 2319 ಎಂದಿದ್ದರೆ 2019ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದದ್ದು. ಹಳೆಯ ಕಾರು ಕೊಂಡವನು ನೀನು, ಅದನ್ನು ನೋಡಿಕೊಳ್ಳಲೇಬೇಕು. ಸ್ಟೆಪ್ನಿಗೂ ಗಾಳಿ ಹಾಕಿಸು. ಗಾಳಿ ಹಾಕಿಸುವುದು ಟಯರ್ ತಣ್ಣಗಿರುವಾಗ.

ಬೆಲ್ಟಿನ ವಿಷಯದಲ್ಲಿ ಅಮ್ಮ ಜಗಳ ತೆಗೆಯುತ್ತಾಳೆ, ಸೀರೆ ಮುದುಡುತ್ತದೆ, ಉಸಿರು ಕಟ್ಟುತ್ತದೆ ಎಂದು. ಬಿಡಬೇಡ. 2022ರ ಸೆಪ್ಟೆಂಬರ್ 4ರಂದು ಅಹಮದಾಬಾದ್–ಮುಂಬೈ ಹೆದ್ದಾರಿಯಲ್ಲಿ ಸೈರಸ್ ಮಿಸ್ತ್ರಿ ತೀರಿಕೊಂಡಾಗ ಅವರು ಕುಳಿತಿದ್ದದ್ದು ದುಬಾರಿ ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟ್ ಹಾಕಿರಲಿಲ್ಲ. ಪುಟ್ಟಿ ತೊಡೆಯ ಮೇಲೆ ಕೂರುತ್ತೇನೆ ಎಂದು ಅತ್ತರೂ ಅವಳ ಸೀಟಿನಲ್ಲೇ ಕೂರಲಿ. ಅಜ್ಜಿ ಪಕ್ಕದಲ್ಲಿ ಕುಳಿತು ಕೈ ಹಿಡಿದುಕೊಂಡರೆ ಸುಮ್ಮನಾಗುತ್ತಾಳೆ.

ಕಾರು ಕೆಟ್ಟರೆ, ದೇವರು ಕಾಪಾಡಲಿ, ಹೆಚ್ಚುಕಮ್ಮಿಯಾದರೆ, ಹೆದ್ದಾರಿ ಪ್ರಾಧಿಕಾರದ 1033ಕ್ಕೆ ಕರೆ ಮಾಡು, ಪೊಲೀಸರಿಗಾದರೆ 112. ಎಲ್ಲಿದ್ದೀರಿ ಎಂದು ಮೊದಲು ಕೇಳುತ್ತಾರೆ. ‘ಒಂದು ಢಾಬಾ ಹತ್ತಿರ’ ಎಂದರೆ ಅವರಿಗೆ ಏನೂ ತಿಳಿಯದು. ರಸ್ತೆಯ ಅಂಚಿನ ಕಲ್ಲಿನ ಮೇಲೆ ಕಿಲೋಮೀಟರ್ ಸಂಖ್ಯೆ ಇರುತ್ತದೆ, ಅದನ್ನು ಹೇಳು, ಯಾವ ಕಡೆಗೆ ಹೋಗುತ್ತಿದ್ದೆ ಎಂದೂ ಹೇಳು. ಪಕ್ಕದ ಸೀಟಿನಲ್ಲಿ ಕುಳಿತವರು ಆಗಾಗ ಆ ಕಲ್ಲು ನೋಡಿಕೊಳ್ಳುತ್ತಿರಲಿ. ಕಾರು ನಿಂತರೆ ಎಲ್ಲರನ್ನೂ ಎಡಗಡೆಯ ಬಾಗಿಲಿನಿಂದ ಇಳಿಸಿ, ಕ್ರ್ಯಾಶ್ ಬ್ಯಾರಿಯರಿನ ಆಚೆ ನಿಲ್ಲಿಸು. ಕಾರಿನೊಳಗೆ ಎ.ಸಿ. ಹಾಕಿಕೊಂಡು ಕಾಯುವುದು ಬೇಡವೇ ಬೇಡ. ತ್ರಿಕೋನದ ರಿಫ್ಲೆಕ್ಟರನ್ನು ಐವತ್ತು ಹೆಜ್ಜೆಗೂ ಹಿಂದೆ ಇಡು. 2025ರ ಮೇ ತಿಂಗಳಿನಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆ ಇದೆ. ಬೇರೆಯವರ ಕಾರು ಬಿದ್ದದ್ದು ಕಂಡರೂ ಈ ಮಾತು ಅವರಿಗೆ ಹೇಳು. ಗಾಬರಿಯಲ್ಲಿ ಎಷ್ಟೋ ಜನಕ್ಕೆ ತಿಳಿದಿರುವುದಿಲ್ಲ.

ಹೊರಡುವ ಎರಡು ದಿನ ಮೊದಲು ಹವಾಮಾನ ಇಲಾಖೆ ದಟ್ಟ ಮಂಜು ಎಂದರೆ, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದರೆ, ಕಾರನ್ನು ಮನೆಯಲ್ಲೇ ಬಿಟ್ಟು ರೈಲು ಹತ್ತು. 2023ರ ಮೇ ತಿಂಗಳಿನಲ್ಲಿ ಶುರುವಾದ ಹಾವಡಾ–ಪುರಿ ವಂದೇ ಭಾರತ್ ಬೆಳಗ್ಗೆ ಆರರ ಮೇಲೆ ಹೊರಟು ಆರೂವರೆ ಗಂಟೆಯೊಳಗೆ ಪುರಿಗೇ ಮುಟ್ಟಿಸುತ್ತದೆ. ಬಾಲೇಶ್ವರ, ಭದ್ರಕ್, ಕಟಕ್, ಭುವನೇಶ್ವರ, ನೀನು ಓಡಿಸಬೇಕೆಂದಿದ್ದ ಊರುಗಳೇ ಕಿಟಕಿಯಾಚೆ ಬರುತ್ತವೆ. ಒಂದು ಸೆಟ್ ಟಿಕೆಟನ್ನು ಈಗಲೇ ತೆಗೆದಿಟ್ಟರೆ ಮನಸ್ಸಿಗೆ ಸಮಾಧಾನ. ಬೇಡವಾದರೆ ರದ್ದು ಮಾಡುವುದು, ಸ್ವಲ್ಪ ದುಡ್ಡು ಹೋದರೂ ಹೋಗಲಿ.

ಕಟಕ್ ಬಂದರೆ ಊರು ಬಂದ ಹಾಗೇ ಅನ್ನಿಸುತ್ತದೆ. ಮಹಾನದಿ, ಕಾಠಜೋಡಿ ದಾಟುವಾಗ ಅಮ್ಮ ಕೈ ಮುಗಿಯುತ್ತಾಳೆ. ಆದರೆ ಕಟಕಿನಿಂದ ಭುವನೇಶ್ವರದವರೆಗಿನ ಇಪ್ಪತ್ತೈದು ಕಿಲೋಮೀಟರ್ ಹೆದ್ದಾರಿಯೂ ಹೌದು, ಊರ ಬೀದಿಯೂ ಹೌದು. ನಡುವೆ ಪಹಲಾ ಬರುತ್ತದೆ. ರಸ್ತೆಯ ಬದಿಯಲ್ಲಿ ಉದ್ದಕ್ಕೂ ರಸಗುಲ್ಲದ ಅಂಗಡಿ, ದೊಡ್ಡ ಅಲ್ಯುಮಿನಿಯಂ ಬೋಗುಣಿಗಳಲ್ಲಿ ಕೆಂಬಣ್ಣದ ರಸಗುಲ್ಲ, ಪಕ್ಕದಲ್ಲಿ ಛೆನಾಪೋಡ. ರಸಗುಲ್ಲ ಯಾರದು ಎಂದು ಬಂಗಾಳಕ್ಕೂ ಒಡಿಶಾಕ್ಕೂ ವರ್ಷಗಟ್ಟಲೆ ವಾದ ನಡೆದು, 2017ರಲ್ಲಿ ಬಂಗಾಳದ್ದಕ್ಕೂ 2019ರಲ್ಲಿ ಒಡಿಶಾದ್ದಕ್ಕೂ ಬೇರೆ ಬೇರೆ ಭೌಗೋಳಿಕ ಸೂಚಿ ಸಿಕ್ಕಿತು. ಎರಡನ್ನೂ ತಿಂದು ನೋಡಿ ನೀವೇ ಹೇಳಿ. ಅಂಗಡಿ ಕಂಡೊಡನೆ ಬ್ರೇಕ್ ಒತ್ತುವ ಕಾರುಗಳು ಅಲ್ಲಿ ಬಹಳ, ಹಿಂದಿನಿಂದ ಬಸ್ಸು ಬರುತ್ತಿರುತ್ತದೆ. ನೀನು ಅರ್ಧ ಕಿಲೋಮೀಟರ್ ಮೊದಲೇ ಎಡಕ್ಕೆ ಬಂದು, ಇಂಡಿಕೇಟರ್ ಹಾಕಿ, ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸು.

ಅಂದೇ ಪುರಿಗೆ ಹೋಗಿಬಿಡೋಣ ಎಂಬ ಆಸೆ ಹುಟ್ಟುತ್ತದೆ, ಇನ್ನು ಅರವತ್ತು ಚಿಲ್ಲರೆ ಕಿಲೋಮೀಟರ್ ತಾನೇ ಎಂದು. ಬೇಡ. ರಾತ್ರಿ ಭುವನೇಶ್ವರದಲ್ಲಿ ಮಲಗಿ, ಬೆಳಗ್ಗೆ ಸ್ನಾನ ಮಾಡಿ ಹೊರಟರೆ ಅಮ್ಮ ನೆಮ್ಮದಿಯಾಗಿ ಜಗನ್ನಾಥನ ಮುಂದೆ ನಿಲ್ಲುತ್ತಾಳೆ.

ವಾಪಸು ಬರುವುದನ್ನೂ ಈಗಲೇ ಗೊತ್ತುಮಾಡಿಕೋ. ಹೋಗುವಾಗ ಪಶ್ಚಿಮದ ಕಡೆ ಹೋಗುತ್ತೀಯ, ಸಂಜೆ ಕಾಲು ಗಂಟೆ ನಿನಗೆ ಜಾಸ್ತಿ ಸಿಗುತ್ತದೆ. ಬರುವಾಗ ಅದು ಕೈತಪ್ಪುತ್ತದೆ. ಐದಕ್ಕೆ ಸಾಂತ್ರಾಗಾಛಿ ಮುಟ್ಟಿದರೆ ಕತ್ತಲೂ ಸಿಗುತ್ತದೆ, ಮನೆಗೆ ಮರಳುವ ಇಡೀ ಹಾವಡಾ ಎದುರಾಗುತ್ತದೆ. ಪುರಿಯಿಂದ ನೇರವಾಗಿ ಕಲ್ಕತ್ತಕ್ಕೆ ಹೊರಡದೆ ಹಿಂದಿನ ಸಂಜೆಯೇ ಭುವನೇಶ್ವರಕ್ಕೆ ಬಂದು ಉಳಿ, ಬೆಳಗಿನ ಐದಕ್ಕೆ ಅಲ್ಲಿಂದ ಬಿಡು, ಮೂರೂವರೆಯೊಳಗೆ ಸಾಂತ್ರಾಗಾಛಿ ದಾಟು. ಭಾನುವಾರ ವಾಪಸು ಬರುವ ಹಾಗೆ ಮಾಡಿಕೊಳ್ಳಬೇಡ. ಸೋಮವಾರ ಆಫೀಸಿದೆ ಎಂಬ ಅವಸರ ಕಾಲಿಗಿಳಿದು ಎಕ್ಸಿಲರೇಟರ್ ಒತ್ತುತ್ತದೆ. ಶನಿವಾರ ಬಾ, ಇಲ್ಲವೇ ಸೋಮವಾರಕ್ಕೆ ರಜೆ ಹಾಕು. ಆ ರಾತ್ರಿ ಅಡುಗೆ ಮಾಡಬೇಡಿ, ನಮ್ಮ ಮನೆಗೇ ಬನ್ನಿ. ನಿನ್ನತ್ತೆ ಸಾರು ಅನ್ನ ಮಾಡಿಟ್ಟಿರುತ್ತಾಳೆ.